ಮುಖ ಮರೆಯುವ ಮಾಸ್ತರು, ಅಕ್ಷರ ಮರೆಯುವ ಹುಡುಗ

ಗುಡ್ಡಾಪುರದ ದಾನಮ್ಮನ ಜಾತ್ರೆಯ ಗದ್ದಲ ಹೋದವರಿಗೇ ಗೊತ್ತು. ಹೋದ ಸಲ ನಮ್ಮ ಮನೆಯವರೂ ನಾವೂ ದರ್ಶನ ಮುಗಿಸಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು ಬಸ್ಸಿನ ಕಡೆ ಹೊರಟಿದ್ದೆವು. ಹಿಂದಿನಿಂದ ಯಾರೋ “ಗುರುಗಳ… ಗುರುಗಳ…” ಎಂದು ಕೂಗಿದರು. ತಿರುಗಿದರೆ ಎತ್ತರದ ಆಳು. ಬಿಳಿ ಅಂಗಿ, ಕುರುಚಲು ಗಡ್ಡ. ಬಗ್ಗಿ ಕಾಲು ಮುಟ್ಟಿದ.

“ಹಾಂ… ಆರಾಮ ಏನಪಾ? ಮನಿ ಕಡೆ ಎಲ್ಲಾರೂ ಆರಾಮ?” ಎಂದು ನಮ್ಮ ಹಳೆಯ ಉಪಾಯ ಹೂಡಿದೆವು. ಎದುರಿಗಿರುವವರು ಯಾರೆಂದು ತಿಳಿಯದಿದ್ದಾಗ ಈ ಒಂದು ಪ್ರಶ್ನೆ ನಮ್ಮನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ.

ಅವನು ನಕ್ಕ. “ನಿಮಗ ಗುರ್ತ ಸಿಕ್ಕಿಲ್ಲ ಬಿಡ್ರಿ ಗುರುಗಳ. ಎರಡನೇ ಸಾಲು, ಕಂಬದ ಬಾಜೂ.”

ಅಷ್ಟು ಕೇಳಿದ್ದೇ ತಡ, ಆ ಶಾಲೆ, ಆ ಕೋಣೆ, ಆ ಕಂಬ, ಕಂಬಕ್ಕೆ ಒರಗಿ ಕೂರುತ್ತಿದ್ದ ಆ ಪೋರ ಎಲ್ಲ ಕಣ್ಣ ಮುಂದೆ ಬಂದುಬಿಟ್ಟಿತು. ಬೀರ! (ಹೆಸರು ಬದಲಿಸಿದ್ದೇವೆ. ಮುಂದೆ ಬರುವ ಹುಡುಗಿಯ ಹೆಸರೂ ನಿಜದ್ದಲ್ಲ.)

ಅವನೊಡನೆ ಚಹಾ ಕುಡಿದು, ಫೋನ್ ನಂಬರು ಬರೆದುಕೊಂಡು ಬಸ್ಸು ಹತ್ತಿದೆವು. ಆದರೆ ಊರು ಮುಟ್ಟುವವರೆಗೂ ಒಂದೇ ವಿಚಾರ. ಎಲ್ಲರೂ ತಮ್ಮ ಹೆಸರು ಹೇಳಿ ಗುರುತು ಕೊಡುತ್ತಾರೆ. ಇವನು ಹೆಸರು ಹೇಳಲಿಲ್ಲ, ಜಾಗ ಹೇಳಿದ. ನಮಗೆ ಜಾಗದಿಂದಲೇ ಗುರುತು ಸಿಗುತ್ತದೆಂದು ಇವನಿಗೆ ಹೇಗೆ ಗೊತ್ತು?

ಇದು ಅರ್ಥವಾಗಬೇಕಾದರೆ ನಮ್ಮ ಒಂದು ಗುಟ್ಟು ನಿಮಗೆ ಹೇಳಬೇಕು. ನಮಗೆ ಮುಖಗಳು ನೆನಪಿರುವುದಿಲ್ಲ. ವಯಸ್ಸಾಯಿತೆಂದು ಅಲ್ಲ, ಚಿಕ್ಕಂದಿನಿಂದಲೂ ಹೀಗೇ. ಓದಿದ ಪಾಠ ನೆನಪಿರುತ್ತದೆ, ಕೇಳಿದ ಧ್ವನಿ ನೆನಪಿರುತ್ತದೆ, ಯಾರು ಯಾವ ದಿನ ಏನು ಅಂದರು ಎಂಬುದು ನೆನಪಿರುತ್ತದೆ. ಮುಖ ಮಾತ್ರ ಇಲ್ಲ. ಲಗ್ನಗಳಿಗೆ ಹೋದರೆ ನಮ್ಮ ಮನೆಯವರು ಎರಡು ಹೆಜ್ಜೆ ಮುಂದೆ ನಡೆದು, “ಓ, ಶಿರಗೂರ ಕಾಕಾ ಬಂದ್ರಲ್ಲ” ಎಂದು ನಮಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಾರೆ. ಅವರಿಲ್ಲದಾಗ ನಾವು ತಲೆ ತಗ್ಗಿಸಿಕೊಂಡು ನಡೆದುಬಿಡುತ್ತೇವೆ. “ಮಾಸ್ತರಗ ಜಂಬ ಭಾಳ” ಎಂದು ಊರಲ್ಲಿ ಮಾತಿತ್ತು. ಇದ್ದರೆ ಇರಲಿ ಎಂದುಕೊಂಡಿದ್ದೆವು. ಗುರುತು ಹಿಡಿಯಲಾರದ ಪೆದ್ದ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವನು ಅನ್ನಿಸಿಕೊಳ್ಳುವುದು ವಾಸಿ, ಅಲ್ಲವೆ?

ಇರಲಿ, ಬೀರನ ಕತೆಗೆ ಬರೋಣ.

ನಾವು ವಿಜಾಪುರದಲ್ಲಿ ಟಿ.ಸಿ.ಎಚ್. ಮುಗಿಸಿದ್ದು 1998ರಲ್ಲಿ. ನೌಕರಿ ಸಿಕ್ಕಿದ್ದು ಗಡಿಯಾಚೆ, ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ. ಆಮೇಲೆ ಬಿ.ಎ. ಬಾಹ್ಯವಾಗಿ ಮಾಡಿಕೊಂಡೆವು. ಈಗ ಹೇಳುತ್ತಿರುವುದು 2006ರ ಮಾತು. ಶಾಲೆ ನಾಲ್ಕನೆಯ ತರಗತಿಯವರೆಗೆ, ಇಬ್ಬರೇ ಶಿಕ್ಷಕರು. ಒಂದು ಎರಡು ಮುಖ್ಯಾಧ್ಯಾಪಕರಿಗೆ, ಮೂರು ನಾಲ್ಕು ನಮಗೆ. ಒಂದೇ ಕೋಣೆಯಲ್ಲಿ 32 ಮಕ್ಕಳು. ಮನೆಯಲ್ಲಿ ಕನ್ನಡ, ಬಾಲಭಾರತಿಯ ಪುಸ್ತಕ ಕನ್ನಡದಲ್ಲಿ, ಬಸ್ಸಿನ ಬೋರ್ಡು ಮರಾಠಿಯಲ್ಲಿ, ಮೇಲಿಂದ 2000ದಿಂದ ಮಹಾರಾಷ್ಟ್ರದಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್. ಹೀಗೆ ನಮ್ಮ ಮಕ್ಕಳ ಪುಟ್ಟ ತಲೆಗೆ ಮೂರು ಲಿಪಿ.

ಬೀರ ಕುರಿ ಕಾಯುವವರ ಮನೆಯ ಹುಡುಗ, ನಾಲ್ಕನೆಯ ತರಗತಿ. ನಮ್ಮ ದಫ್ತರದಲ್ಲಿ ಅವನ ಬಗ್ಗೆ ಬರೆದಿದ್ದ ಮಾತು: ‘ಕಿಡಿಗೇಡಿ, ಓದಿನಲ್ಲಿ ಆಸಕ್ತಿ ಇಲ್ಲ’. ಪಾಠ ಓದಿಸುವ ಪಾಳಿ ಬರುತ್ತಿದ್ದ ಹಾಗೆ ಮುಂದಿನವನ ಟೋಪಿ ಹಾರಿಸುತ್ತಿದ್ದ, ಇಲ್ಲವೆ ಕುರಿಯ ಹಾಗೆ ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ನಾವು ಹೊರಗೆ ನಿಲ್ಲಿಸುತ್ತಿದ್ದೆವು. ಅವನು ಖುಷಿಯಿಂದ ಹೋಗಿ ನಿಲ್ಲುತ್ತಿದ್ದ. ಆ ಖುಷಿ ಏಕೆ ಎಂದು ನಾವು ಒಂದು ದಿನವೂ ಕೇಳಲಿಲ್ಲ.

ಶಾಂತಾ ಅದೇ ತರಗತಿ. ಕನ್ನಡ ಪಾಠ ಓದಲು ನಿಂತಳೆಂದರೆ ಮಳೆ ಹನಿದ ಹಾಗೆ, ಒತ್ತಕ್ಷರ ಗಿತ್ತಕ್ಷರ ಯಾವುದೂ ಅಡ್ಡ ಬರುತ್ತಿರಲಿಲ್ಲ. ಮರಾಠಿಯೂ ಹಾಗೇ. ಆದರೆ ಯಾರೊಡನೆಯೂ ಆಡುವವಳಲ್ಲ. ಕುಂಟಾಟ, ಕವಡೆ ಆಟ ಎಲ್ಲದರಿಂದ ದೂರ. ಅಂಗಡಿಗೆ ಹೋಗಿ ಬೆಲ್ಲ ತಾ ಎಂದರೆ ಆಗುವುದಿಲ್ಲ ಎನ್ನುತ್ತಾಳೆ ಎಂದು ಅವರಮ್ಮನ ದೂರು. ಅವಳ ಬಗ್ಗೆ ನಾವು ಬರೆದದ್ದು: ‘ಜಾಣೆ, ಆದರೆ ಹಟಮಾರಿ’.

ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಹುಡುಗರ ಎರಡನೆಯ ಸಾಲಿನ ತುದಿಗೆ ಕಂಬದ ಪಕ್ಕ ಬೀರ. ಅದಕ್ಕೆ ತಾಗಿದಂತೆ ಹುಡುಗಿಯರ ಸಾಲಿನ ತುದಿಗೆ ಶಾಂತಾ. ಆ ಕಿಡಿಗೇಡಿಗೂ ಈ ಮೂಕಿಗೂ ಅದು ಹೇಗೋ ಗೆಳೆತನ. ಗುಸುಗುಸು ಮಾತು, ಪಾಟಿ ಅದಲು ಬದಲು.

ನಮ್ಮ ಕೋಣೆಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಜಾಗ ಬದಲಿಸಬಾರದು. ಜೂನ್ ತಿಂಗಳಲ್ಲಿ ಎಲ್ಲಿ ಕೂರಿಸಿದೆವೋ ಏಪ್ರಿಲ್‌ವರೆಗೂ ಅಲ್ಲಿಯೇ. ಕೇಂದ್ರ ಪ್ರಮುಖರು ಬಂದಾಗ “ನಿಮ್ಮ ವರ್ಗದ ಶಿಸ್ತು ಚೆನ್ನಾಗಿದೆ” ಎಂದು ಹೊಗಳಿದ್ದರು. ನಮಗೆ ಹೆಮ್ಮೆ. ಆದರೆ ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಮನೆಯವರು ಗುಳೆ ಹೋದರು, ಸಾಲುಗಳಲ್ಲಿ ತೆರಪು ಬಿತ್ತು, ಮಕ್ಕಳು ಸರಿದು ಕೂರತೊಡಗಿದರು. ಒಂದು ದಿನ ಕಂಬದ ಬಾಜೂ ಇದ್ದ ಹುಡುಗನನ್ನು ಬೀರ ಎಂದುಕೊಂಡು ಬೈದೆವು. ಅವನು ಬೀರನಲ್ಲ! ಬೀರ ಮುಂದಿನ ಸಾಲಿಗೆ, ಶಾಂತಾಳ ಸನಿಹಕ್ಕೆ ಸರಿದು ಕುಳಿತಿದ್ದ. ಮಕ್ಕಳೆಲ್ಲ ನಕ್ಕರು. ನಮಗೆ ಸಿಟ್ಟು ನೆತ್ತಿಗೇರಿತು.

ಅದೇ ವಾರ ಘಟಕ ಪರೀಕ್ಷೆಯ ಕಾಗದ ತಿದ್ದುವಾಗ ಇಬ್ಬರ ಉತ್ತರಗಳೂ ಒಂದೇ. ಗಣಿತದಲ್ಲಿ ಒಂದೇ, ಕನ್ನಡದಲ್ಲೂ ಒಂದೇ. ಬೀರ ಜಾಣೆಯನ್ನು ನೋಡಿ ನಕಲು ಮಾಡಿದ್ದಾನೆ, ಇನ್ನೇನು? ಎಲ್ಲರ ಮುಂದೆ ಬೀರನಿಗೆ ನಾಲ್ಕು ಮಾತು ಬೈದು, ಅವನನ್ನು ಬಾಗಿಲ ಬಳಿಗೂ ಶಾಂತಾಳನ್ನು ಹಲಗೆಯ ಮುಂದಕ್ಕೂ ಕೂರಿಸಿದೆವು. “ಇನ್ನ ಇಬ್ಬರೂ ಮಾತಾಡಿದ್ದ ಕಂಡ್ರ ನೋಡ್ರಿ,” ಎಂದೆವು.

ಮರುದಿನದಿಂದ ಬೀರ ಶಾಲೆಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಹಾಜರಿಯಲ್ಲಿ ‘ಗೈರು’ ಬರೆಯುತ್ತ ಹೋದೆವು. ಮೂರನೆಯ ವಾರ ಶಾಂತಾ ಪಾಠ ಓದುವುದನ್ನೂ ನಿಲ್ಲಿಸಿದಳು. ಎದ್ದು ನಿಲ್ಲುವಳು, ಬಾಯಿ ತೆರೆಯಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತಳು.

“ಗುರುಗಳ, ಅಂವ ನಂದ ನೋಡಿ ಬರದಿಲ್ರಿ.”

“ಮತ್ತ?”

“ಕನ್ನಡದಾಗ ನಾ ಅವಗ ಓದಿ ಹೇಳೀನ್ರಿ. ಗಣಿತದಾಗ… ಅಂವ ನನಗ ಹೇಳ್ಯಾನ್ರಿ.”

ನಾವು ನಂಬಲಿಲ್ಲ. ಗೋಡೆಯ ಗಡಿಯಾರ ತೋರಿಸಿ “ಎಷ್ಟ ಗಂಟಿ ಆಗೇತಿ ಹೇಳು,” ಎಂದೆವು. ಹುಡುಗಿ ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು, ಅಳತೊಡಗಿದಳು. ಆ ವಯಸ್ಸಿಗೆ ಅವಳಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಹದಿಮೂರರಲ್ಲಿ ಐದು ಕಳೆಯಲು ಬೆರಳು ಸಾಲದೆ ಸೋಲುತ್ತಿದ್ದಳು. ಅಂಗಡಿಯಲ್ಲಿ ಚಿಲ್ಲರೆ ತಪ್ಪಿ ಒಮ್ಮೆ ಪೆಟ್ಟು ತಿಂದಿದ್ದಳಂತೆ, ಅಂದಿನಿಂದ ಅಂಗಡಿಗೆ ಒಲ್ಲೆ. ಆಟದಲ್ಲಿ ಎಣಿಕೆ ಬರುತ್ತದಲ್ಲ, ಅದಕ್ಕೆ ಆಟವೂ ಒಲ್ಲೆ. ನಾವು ಹಟ ಎಂದು ಬರೆದದ್ದು ಇದನ್ನು!

ಮರುದಿನ ಸಂಜೆ ಬೀರನನ್ನು ಹುಡುಕಿಕೊಂಡು ಹೊರಟೆವು. ಊರಿಂದ ಎರಡು ಹರದಾರಿ ದೂರದ ಹೊಲದಲ್ಲಿ ಅವನಪ್ಪ ಕುರಿ ತರುಬಿದ್ದ. ನಮ್ಮ ಕಡೆಯ ಮಾಡಗ್ಯಾಳ ಕುರಿಗಳನ್ನು ನೀವು ನೋಡಿರಬಹುದು. ಗಿಣಿಯ ಹಾಗೆ ಬಾಗಿದ ಮೂಗು, ಜೋಲುವ ಉದ್ದ ಕಿವಿ, ಎತ್ತರದ ನಿಲುವು. ನಮ್ಮ ಕಣ್ಣಿಗೆ ಎಲ್ಲವೂ ಒಂದೇ. ಮಂದೆ ಬಲೆಯೊಳಗೆ ನುಗ್ಗುತ್ತಿತ್ತು, ನೂರರ ಮೇಲಿದ್ದವು. ಬೀರ ಬಾಯಲ್ಲಿ ಎಣಿಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ಕೊನೆಯದು ಒಳಗೆ ಹೋದದ್ದೇ, “ಅಪ್ಪಾ, ಕಿವಿಹರಕಿ ಬಂದಿಲ್ಲ. ಅದರ ಮರೀನೂ ಇಲ್ಲ,” ಎಂದ. ಅವನಪ್ಪ ಮರುಮಾತಾಡದೆ ಕೋಲು ತಗೊಂಡು ಹಳ್ಳದ ಕಡೆ ಹೊರಟ. ಅರ್ಧ ಗಂಟೆಗೆ ಆ ಎರಡನ್ನೂ ಹೊಡೆದುಕೊಂಡು ಬಂದ.

“ಹೆಂಗ ಗೊತ್ತಾತೋ?” ಎಂದೆವು.

“ಮುಖ ಕಾಣಲಿಲ್ಲಲ್ರಿ,” ಎಂದ. ಮುಖ ಕಾಣದಿದ್ದರೆ ಯಾರಿಗಾದರೂ ಗೊತ್ತಾಗುವುದಿಲ್ಲವೇ ಎನ್ನುವ ಹಾಗೆ.

ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆವು. ಈ ಹತ್ತು ವರ್ಷದ ಹುಡುಗನಿಗೆ ನೂರು ಕುರಿಗಳ ಮುಖ ಗೊತ್ತು. ನಮಗೆ ಆರು ತಿಂಗಳಾದರೂ 32 ಮಕ್ಕಳ ಮುಖ ಗೊತ್ತಿಲ್ಲ. ಹಾಗಾದರೆ ನಮ್ಮ ವರ್ಗದ ಆ ಹೆಸರುವಾಸಿ ಶಿಸ್ತು ಏನು? ಜಾಗ ಬದಲಿಸಬಾರದು ಎಂಬ ನಿಯಮ ಮಕ್ಕಳ ಹಿತಕ್ಕೆ ಹುಟ್ಟಿದ್ದೇ ಅಲ್ಲ. ಜಾಗ ಬದಲಾದರೆ ಯಾರು ಯಾರೆಂದು ನಮಗೆ ತಿಳಿಯುವುದಿಲ್ಲ, ಅಷ್ಟೆ! ಅಂದು ಮಕ್ಕಳು ನಕ್ಕಾಗ ಬಂದ ಸಿಟ್ಟು ನಕಲಿನ ಮೇಲಿನದೂ ಅಲ್ಲ. ನಮ್ಮ ಗುಟ್ಟು ಬಯಲಾಯಿತೆಂಬ ಸಿಟ್ಟು ಅದು. ಆ ಸಿಟ್ಟಿಗೆ ಎರಡು ಮಕ್ಕಳ ಗೆಳೆತನ ಮುರಿದಿದ್ದೆವು.

ಬೀರ ಪಾಠ ಬರುವಾಗ ಕೂಗಿ ನಗಿಸಿ ಹೊರಗೆ ಹೋಗುತ್ತಿದ್ದ. ಶಾಂತಾ ಎಣಿಕೆ ಬರುವಲ್ಲಿ ಮೂಕಿಯಾಗುತ್ತಿದ್ದಳು. ನಾವು ಮುಖ ತಿಳಿಯದ್ದಕ್ಕೆ ಶಿಸ್ತಿನ ಮಾಸ್ತರಾಗಿದ್ದೆವು, ಊರಲ್ಲಿ ಜಂಬದವರಾಗಿದ್ದೆವು. ಮೂವರದೂ ಒಂದೇ ಜಾತಿ. ಕಿಡಿಗೇಡಿ, ಹಟಮಾರಿ, ಜಂಬದವನು ಎಂದು ಸ್ವಭಾವಕ್ಕೆ ಇಡುವ ಹೆಸರುಗಳಲ್ಲಿ ಎಷ್ಟೋ ಹೆಸರು ಬುದ್ಧಿಯ ಯಾವುದೋ ಒಂದು ತಗ್ಗಿನ ಮೇಲೆ ಹಾಸಿದ ಕಂಬಳಿ. ಕಂಬಳಿ ಕಾಣುತ್ತದೆ, ತಗ್ಗು ಕಾಣುವುದಿಲ್ಲ.

ನಗುವಿನ ಮಾತೆಂದರೆ ಇದನ್ನೆಲ್ಲ ನಾವು ಟಿ.ಸಿ.ಎಚ್.ನಲ್ಲಿ ಬಾಯಿಪಾಠ ಮಾಡಿದ್ದೆವು! ಸ್ಪಿಯರ್‌ಮನ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ 1904ರಲ್ಲಿ, ಒಂದು ಹಳ್ಳಿ ಶಾಲೆಯ ಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕಿ, ಒಂದರಲ್ಲಿ ಮುಂದಿರುವವರು ಸಾಮಾನ್ಯವಾಗಿ ಉಳಿದದ್ದರಲ್ಲೂ ಮುಂದಿರುತ್ತಾರೆ, ಎಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದ. ಅಮೆರಿಕದ ಥರ್‌ಸ್ಟನ್ 1938ರಲ್ಲಿ ಬುದ್ಧಿಯನ್ನು ಏಳು ಮೂಲ ಸಾಮರ್ಥ್ಯಗಳಾಗಿ ಬಿಡಿಸಿ ನೋಡಬೇಕು ಎಂದ: ಮಾತಿನ ತಿಳಿವು, ಮಾತಿನ ಓಟ, ಸಂಖ್ಯೆ, ಸ್ಥಳದ ಅರಿವು, ನೆನಪು, ಗ್ರಹಿಕೆಯ ವೇಗ, ತರ್ಕ. ಮರುವರ್ಷ ವೆಕ್ಸ್‌ಲರ್ ತಂದ ಪರೀಕ್ಷೆಯಲ್ಲಿ ಮಾತಿನ ಅಂಕ ಬೇರೆ, ಕೈಯಿಂದ ಮಾಡಿ ತೋರಿಸುವ ಕೆಲಸದ ಅಂಕ ಬೇರೆ. ಇವೆಲ್ಲ ನಮಗೆ ಹತ್ತು ಅಂಕದ ಪ್ರಶ್ನೆ. ಬರೆದೆವು, ಅಂಕ ಪಡೆದೆವು, ಮರೆತೆವು.

ಸ್ಪಿಯರ್‌ಮನ್ ಹೇಳಿದ್ದು ಸುಳ್ಳಲ್ಲ. ನೂರಾರು ಮಕ್ಕಳನ್ನು ಸೇರಿಸಿ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಸರಾಸರಿಯು ಒಂಟಿ ಮಗುವಿನ ಕತೆ ಹೇಳುವುದಿಲ್ಲ. ನಮ್ಮ ಜತ್ತದ ಹೊಲಗಳ ಹಾಗೆ, ಈ ತುದಿಗೆ ಎರೆ, ಆ ತುದಿಗೆ ಬರೀ ಕಲ್ಲು. ಒಕ್ಕಲಿಗ ಎರಡನ್ನೂ ಕೂಡಿಸಿ ಭಾಗಿಸಿ ‘ಮಧ್ಯಮ ಹೊಲ’ ಎನ್ನುತ್ತಾನೆಯೆ? ಎಲ್ಲಿ ಜೋಳ, ಎಲ್ಲಿ ಕುರಿ ಮೇವು ಎಂದು ಅವನಿಗೆ ಗೊತ್ತು. ನಾವು ಮಾಸ್ತರುಗಳು ಮಾತ್ರ ಕೂಡಿಸಿ ಭಾಗಿಸಿ ಪ್ರಗತಿ ಪತ್ರಕದಲ್ಲಿ ‘ಮಧ್ಯಮ’ ಎಂದು ಬರೆಯುತ್ತೇವೆ.

ಬೀರನಂಥ ಹುಡುಗನ ಬಗ್ಗೆ 1896ರಲ್ಲಿಯೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬರೆದಿದ್ದರು. ಹದಿನಾಲ್ಕು ವರ್ಷದ ಹುಡುಗ, ಚುರುಕು, ಲೆಕ್ಕಕ್ಕೆ ತೊಂದರೆ ಇಲ್ಲ, ಓದು ಮಾತ್ರ ಏನು ಮಾಡಿದರೂ ಹತ್ತುತ್ತಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ಆಗಿದ್ದರೆ ಇವನೇ ಶಾಲೆಗೆಲ್ಲ ಜಾಣನಾಗುತ್ತಿದ್ದ ಎಂದು ಅವನ ಮಾಸ್ತರರು ಹೇಳಿದ್ದರಂತೆ. ಇಂದು ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಶಾಂತಾಳದಂಥ ಲೆಕ್ಕದ ತೊಡಕಿಗೆ ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ನೂರು ವರ್ಷದ ಹಿಂದಿನ ಆ ಮಾಸ್ತರರಿಗೆ ಕಂಡದ್ದು 2006ರಲ್ಲಿ ನಮಗೆ ಕಾಣಲಿಲ್ಲ!

ಸರಿ, ಮುಂದೆ ಏನಾಯಿತು ಎಂದು ಕೇಳುತ್ತೀರಿ. ಬೀರನಿಗೆ ಅಲ್ಲಿಯೇ, ಅವನಪ್ಪನ ಎದುರಿಗೆ “ತಪ್ಪ ನಮ್ದು” ಎಂದೆವು. ಮರುದಿನ ಬಂದ. ಇಬ್ಬರನ್ನೂ ಮೊದಲಿನ ಜಾಗಕ್ಕೆ ಕೂರಿಸಿದೆವು. ಆದರೆ ಒಂದು ವಿಷಯ ಹೇಳಲೇಬೇಕು. ಈ ಗೆಳೆತನ ಬರೀ ಸಿಹಿ ಕತೆಯಲ್ಲ. ಅವಳು ಓದಿ ಹೇಳುತ್ತಿದ್ದದ್ದರಿಂದಲೇ ಅವನಿಗೆ ಓದು ಬರುವುದಿಲ್ಲವೆಂಬುದು ನಾಲ್ಕನೆಯ ತರಗತಿಯವರೆಗೆ ಮುಚ್ಚಿಹೋಗಿತ್ತು. ಅವನು ಲೆಕ್ಕ ಹೇಳುತ್ತಿದ್ದದ್ದರಿಂದ ಅವಳ ತೊಡಕೂ ಮುಚ್ಚಿತ್ತು. ಒಬ್ಬರ ತಗ್ಗಿಗೆ ಇನ್ನೊಬ್ಬರ ದಿಬ್ಬ ಹೊಂದಿದಾಗ ಗೆಳೆತನ ಗಟ್ಟಿಯಾಗುತ್ತದೆ, ನಿಜ. ನೋಡುವವರ ಕಣ್ಣಿಗೆ ನೆಲ ಸಮನಾಗಿ ಕಾಣುತ್ತದೆ, ಅದೂ ನಿಜ. ಗೆಳೆತನ ಮುರಿಯಬಾರದು, ಆದರೆ ಗೆಳೆತನವಿದೆ ಎಂದು ಮಾಸ್ತರನು ಕೈಕಟ್ಟಿ ಕೂರಲೂ ಬಾರದು.

ಅದಕ್ಕೇ ದಿನಕ್ಕೆ ಅರ್ಧ ಗಂಟೆ ಇಬ್ಬರಿಗೂ ಬೇರೆ ಬೇರೆ. ಬೀರನಿಗೆ ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ, ಬಾಯಿಂದ ಸದ್ದು, ದಿನಕ್ಕೆ ಎರಡೇ ಗುಣಿತ. ಶಾಂತಾಳಿಗೆ ಹುಣಸೆ ಬೀಜದ ಗುಂಪು, ರಟ್ಟಿನ ಗಡಿಯಾರ, ಸುಳ್ಳು ಅಂಗಡಿ. ಪರೀಕ್ಷೆಯಲ್ಲಿ ಬೀರನಿಗೆ ಪ್ರಶ್ನೆಯನ್ನು ನಾವೇ ಓದಿ ಹೇಳುತ್ತಿದ್ದೆವು. ವಿಜ್ಞಾನದ ಪ್ರಶ್ನೆಗಳಿಗೆ ಅವನು ಬಾಯಲ್ಲಿ ಕೊಟ್ಟ ಉತ್ತರ ಕೇಳಿ ಮುಖ್ಯಾಧ್ಯಾಪಕರೇ ಬೆರಗಾದರು. ಕೂಗುವುದು, ಟೋಪಿ ಹಾರಿಸುವುದು ಎರಡು ತಿಂಗಳಲ್ಲಿ ತಾನಾಗಿ ನಿಂತಿತು. ಶಾಂತಾ ಒಂದು ದಿನ ಕುಂಟಾಟಕ್ಕೆ ಇಳಿದಳು, ಎಣಿಸುವ ಕೆಲಸ ಮಾತ್ರ ಬೇರೆಯವರಿಗೆ ಬಿಟ್ಟು. ಸ್ವಭಾವ ಬದಲಾಯಿತು ಎಂದು ಊರವರು ಹೇಳಿದರು. ಸ್ವಭಾವ ಇದ್ದಲ್ಲೇ ಇತ್ತು, ಕಂಬಳಿ ತೆಗೆದೆವು ಅಷ್ಟೆ.

ಆದರೆ ಉಳಿದಿದ್ದದ್ದು ನಾಲ್ಕೇ ತಿಂಗಳು. ಐದನೆಯ ತರಗತಿಗೆ ಅವರು ಪಕ್ಕದ ಊರಿಗೆ ಹೋದರು. ಬೀರ ಏಳರ ನಂತರ ಶಾಲೆ ಬಿಟ್ಟ. ಆಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 1995ರ ಕಾಯ್ದೆಯಲ್ಲಿ ಏಳು ಬಗೆಯ ತೊಡಕುಗಳಿದ್ದರೆ ಇದರಲ್ಲಿ 21, ಕಲಿಕೆಯ ಇಂಥ ನಿರ್ದಿಷ್ಟ ತೊಡಕುಗಳೂ ಸೇರಿದವು. ಬೀರನಿಗೆ ಅದು ತಡವಾಗಿ ಬಂದ ಮಳೆ. ನಮಗೆ ಅವನು ಎರಡು ವರ್ಷ ಮೊದಲೇ ಕಂಡಿದ್ದರೆ ಎಂಬ ಕೊರಗು ಈಗಲೂ ಹೋಗಿಲ್ಲ.

ಗೆಳೆತನದ ಮಾತು ಬಂತು, ನಮ್ಮದೊಂದನ್ನೂ ಹೇಳಿಬಿಡುತ್ತೇವೆ. ಟಿ.ಸಿ.ಎಚ್.ನಲ್ಲಿ ನಮಗೊಬ್ಬ ಗೆಳೆಯನಿದ್ದ. ಗಿರಿಜಾ ಮೀಸೆ, ಹೊಟ್ಟೆ ತುಂಬ ನಗು. ಇಡೀ ಕಾಲೇಜಿನ ಹುಡುಗರ ಹೆಸರು, ಊರು, ಮನೆತನ ಅವನಿಗೆ ಗೊತ್ತು. ನಮ್ಮ ಪಕ್ಕದಲ್ಲಿ ನಡೆಯುತ್ತ “ಬಂದ ನೋಡು ಇಂಡಿಯವ, ಬಂದ ನೋಡು ಸಿಂದಗಿಯವ” ಎಂದು ಕಿವಿಯಲ್ಲಿ ಹೇಳುತ್ತಿದ್ದ. ಅವನಿಗೆ ಒಂದು ಪಾಠ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಬರೆಯಲು ಆಗುತ್ತಿರಲಿಲ್ಲ. ಅದನ್ನು ನಾವು ಬರೆದುಕೊಡುತ್ತಿದ್ದೆವು. ಯಾರೂ ಒಪ್ಪಂದ ಮಾಡಿಕೊಂಡದ್ದಲ್ಲ. ನಾವಿಬ್ಬರೂ ಒಂದೇ ಚಕ್ಕಡಿಯ ಎರಡು ಗಾಲಿ.

2003ರಲ್ಲಿ ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಯಾರೋ ಬೋಳುತಲೆಯವರು ಎದುರಿಗೆ ಬಂದು ನಕ್ಕರು. ನಮಗೆ ಗುರುತು ಸಿಗಲಿಲ್ಲ, ತಲೆ ತಗ್ಗಿಸಿ ಮುಂದೆ ನಡೆದೆವು. ಆತ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ನಮ್ಮ ಗೆಳೆಯ! ಮೀಸೆಯನ್ನೂ ಕೊಟ್ಟಿದ್ದ. ಅವನು ಬಾಯಿ ಬಿಟ್ಟು ಕರೆದಿದ್ದರೆ ಧ್ವನಿಯಿಂದ ಹಿಡಿಯುತ್ತಿದ್ದೆವು. ಅವನು ಕರೆಯಲಿಲ್ಲ. “ಬೇರೆಯವರ ಮುಖ ಮರೆಯುತ್ತಾನೆ ಎಂದುಕೊಂಡಿದ್ದೆ, ನನ್ನದನ್ನೂ ಮರೆಯುತ್ತಾನೆಂದು ತಿಳಿದಿರಲಿಲ್ಲ” ಎಂದು ಬೇರೊಬ್ಬರ ಮುಂದೆ ಹೇಳಿದನಂತೆ. ನಾವು ಒಂದು ಕಾಗದ ಬರೆಯಬಹುದಿತ್ತು. ಏನೆಂದು ಬರೆಯುವುದು? ನಿನ್ನ ಮುಖ ನನಗೆ ನೆನಪಿರಲಿಲ್ಲ ಎಂದೇ? ಎಂಟು ವರ್ಷ ಮಾತಿಲ್ಲದೆ ಹೋಯಿತು.

ನಮ್ಮ ತೊಡಕಿಗೂ ಒಂದು ಹೆಸರಿದೆ ಎಂದು ತಿಳಿದದ್ದು ಆಲಿವರ್ ಸ್ಯಾಕ್ಸ್ ಎಂಬ ಪ್ರಸಿದ್ಧ ನರವೈದ್ಯರ ಬಗ್ಗೆ ಓದಿದಾಗ. ಅವರಿಗೂ ಮುಖ ತಿಳಿಯುತ್ತಿರಲಿಲ್ಲ. ಕನ್ನಡಿಯಲ್ಲಿ ಕಂಡ ಗಡ್ಡದವನಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದೆನೆಂದು ಕ್ಷಮೆ ಕೇಳಿದ್ದರಂತೆ, ನೋಡಿದರೆ ಅದು ತಾವೇ! 2010ರಲ್ಲಿ ಅವರು ಇದನ್ನು ಬರೆದರು. ತನ್ನನ್ನು ನಾಚಿಕೆಯವನು, ಒಂಟಿಗ, ವಿಚಿತ್ರ ಎಂದು ಜನ ಕರೆದದ್ದರಲ್ಲಿ ದೊಡ್ಡ ಪಾಲು ಈ ಮುಖ ತಿಳಿಯದ ತೊಡಕಿನಿಂದ ಬಂದದ್ದು ಎಂಬುದು ಅವರ ಮಾತಿನ ಸಾರ. ಪ್ರೊಸೊಪಾಗ್ನೋಸಿಯಾ ಎಂದು ಇದಕ್ಕೆ 1947ರಲ್ಲಿ ಹೆಸರಿಟ್ಟವರು ಜರ್ಮನಿಯ ಬೊಡಾಮರ್. ನಾವು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ, ದೊಡ್ಡ ಹೆಸರನ್ನು ನಮಗೆ ಹಚ್ಚಿಕೊಳ್ಳುವ ಆಸೆಯೂ ಇಲ್ಲ. ಆದರೆ ಓದಿದ ರಾತ್ರಿಯೇ ಗೆಳೆಯನ ನಂಬರು ಹುಡುಕಿ ಫೋನ್ ಮಾಡಿ ಎಲ್ಲ ಹೇಳಿದೆವು. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, “ಹುಚ್ಚಪ್ಯಾಲಿ, ಇದನ್ನ ಮೊದಲ ಹೇಳಬಾರದೇನಲೇ!” ಎಂದ. ಈಗ ಭೇಟಿಯಾಗುವಾಗ ದೂರದಿಂದಲೇ ತನ್ನ ಹೆಸರು ಕೂಗಿಕೊಂಡು ಬರುತ್ತಾನೆ.

ಅಂದ ಹಾಗೆ, ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಜೊತೆಗಾರರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ ಕುರಿಗಳು ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಡುತ್ತವೆ. ಅಂದರೆ ನಮಗಿಂತ ಕಿವಿಹರಕಿಯೇ ವಾಸಿ!

ಜಾತ್ರೆಯಿಂದ ಬಂದ ಮೂರನೆಯ ದಿನ ಬೀರನಿಗೆ ಫೋನ್ ಮಾಡಿದೆವು. ಈಗ ಅವನದು ಕುರಿ ವ್ಯಾಪಾರ, ಸಂತೆಯಿಂದ ಸಂತೆಗೆ. ಓದು ಇಂದಿಗೂ ನಿಧಾನ. ಬ್ಯಾಂಕಿನ ಕಾಗದ ಬಂದರೆ ಫೋಟೋ ತೆಗೆದು ಶಾಂತಾಳಿಗೆ ಕಳಿಸುತ್ತಾನೆ. ಅವಳು ಗಂಡನ ಊರಲ್ಲಿ ಅಂಗನವಾಡಿ ನಡೆಸುತ್ತಾಳೆ. ಬಿಡುವಾದಾಗ ಕಾಗದ ಓದಿ ದನಿ ಮುದ್ರಿಸಿ ಕಳಿಸುತ್ತಾಳೆ. ತನ್ನ ತಿಂಗಳ ಲೆಕ್ಕದ ಮೊತ್ತ ಸರಿಯಿದೆಯೋ ಇಲ್ಲವೋ ಎಂದು ಅವನನ್ನು ಕೇಳುತ್ತಾಳೆ. ಅಣ್ಣ ತಂಗಿ ಎಂದು ಎರಡೂ ಊರು ಒಪ್ಪಿಕೊಂಡಿವೆ.

“ಅದೆಲ್ಲಾ ಇರಲಿ,” ಎಂದೆವು. “ನಮಗ ಜಾಗಾದಿಂದ ಗುರ್ತ ಸಿಗತೈತಿ ಅಂತ ನಿನಗ ಯಾರ ಹೇಳಿದ್ರು?”

“ಯಾರ ಹೇಳಬೇಕ್ರಿ ಗುರುಗಳ? ಇಡೀ ಸಾಲಿಗೆ ಗೊತ್ತಿತ್ತು. ನೀವು ಬರೂದ್ರಾಗ ಎಲ್ಲಾರೂ ತಮ್ಮ ತಮ್ಮ ಜಾಗಾಕ್ಕ ಹೋಗಿ ಕುಂಡ್ರತಿದ್ವಿ. ಇಲ್ಲಂದ್ರ ನಿಮಗ ತ್ರಾಸ ಆಕ್ಕೈತಿ ಅಂತ.”

ಫೋನ್ ಕೈಯಲ್ಲೇ ಉಳಿಯಿತು. ನಮ್ಮ ಶಿಸ್ತೆಂದು ಮೆರೆದದ್ದು 32 ಮಕ್ಕಳು ನಮ್ಮ ಮೇಲೆ ತೋರಿದ ಕರುಣೆ. ನಾವು ಅವರ ತಗ್ಗು ನೋಡದೆ ಹೆಸರಿಟ್ಟೆವು. ಅವರು ನಮ್ಮ ತಗ್ಗು ನೋಡಿ, ಒಂದು ಮಾತೂ ಆಡದೆ, ಸರಿದು ಕುಳಿತರು.

ಈ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ದಿನ ನಾವು ಹೊಸ ಮಕ್ಕಳಿಗೆ ಹೇಳಿದೆವು: “ನಮಗ ಮುಖ ನೆನಪಿರೂದಿಲ್ಲ. ಮಾತಾಡಸೂವಾಗ ಮೊದಲ ನಿಮ್ಮ ಹೆಸರ ಹೇಳ್ರಿ. ಎಲ್ಲಿ ಬೇಕಾದ್ರೂ ಕುಂಡ್ರಿ.” ಮಕ್ಕಳು ಮಿಕಿಮಿಕಿ ನೋಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಚಿಕ್ಕ ಹುಡುಗಿ ಬಂದು ಮೊದಲು ತನ್ನ ಹೆಸರು ಹೇಳಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು: “ಸರ, ನನಗ ಒತ್ತಕ್ಷರ ಕಂಡ್ರ ಹೆದರಿಕಿ ಬರತೈತ್ರಿ.”

ಇಪ್ಪತ್ತೈದು ವರ್ಷದ ಮಾಸ್ತರಿಕೆಯಲ್ಲಿ ಮೊದಲ ದಿನವೇ ಇಂಥ ಮಾತು ನಮ್ಮ ಕಿವಿಗೆ ಬಿದ್ದದ್ದು ಇದೇ ಮೊದಲು.